ಫ್ಲಾರೆನ್ಸ್ ಮತ್ತು ಬೊಲೊನ್ಯಾ: ಇಬ್ಬರು ನೋಡಿದ್ದು, ಇಬ್ಬರು ಉಂಡದ್ದು

ಇಟಲಿಗೆ ಹೊರಡುವ ಮುನ್ನ ನಾವು ಯಾರನ್ನು ಕೇಳಿದರೂ ಸಿಗುತ್ತಿದ್ದುದು ಒಂದೇ ಮಾತು: ನೋಡುವುದಕ್ಕೆ ಫ್ಲಾರೆನ್ಸ್, ಉಣ್ಣುವುದಕ್ಕೆ ಬೊಲೊನ್ಯಾ. ರೋಮಿನಲ್ಲಿ ಇಳಿದು ಎರಡು ದಿನ ಕಳೆದ ಮೇಲೆ, ಉಳಿದ ಎಂಟು ರಾತ್ರಿಗಳನ್ನು ನಾವು ಈ ಎರಡು ಊರುಗಳಿಗೆ ಸಮನಾಗಿ ಹಂಚಿದೆವು. ನನ್ನ ಪತಿ ಕರಾವಳಿಯವರು. ಮೀನು, ಮಾಂಸ ಎಲ್ಲವನ್ನೂ ತಿನ್ನುತ್ತಾರೆ. ನಾನು ವಿಜಯಪುರದ ಕಡೆಯವಳು, ಹುಟ್ಟಿನಿಂದ ಸಸ್ಯಾಹಾರಿ. ಒಂದೇ ಮೇಜಿನ ಎದುರುಬದುರು ಕುಳಿತು ಎಂಟು ದಿನ ಉಂಡ ಮೇಲೆ, ಆ ಪ್ರಸಿದ್ಧ ಮಾತು ನಮ್ಮಲ್ಲಿ ಒಬ್ಬರಿಗೆ ಮಾತ್ರ ನಿಜವೆಂದು ಕಂಡಿತು. ನಮ್ಮಂತೆ ಊಟದ ಪದ್ಧತಿ ಬೇರೆಬೇರೆಯಾಗಿರುವ ದಂಪತಿಗಳು ಕನ್ನಡಿಗರಲ್ಲಿ ಅನೇಕರಿರುವುದರಿಂದ ಈ ಹೋಲಿಕೆಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಎರಡೂ ಊರುಗಳ ನಡುವೆ ಅಪೆನ್ನೈನ್ ಬೆಟ್ಟಸಾಲು ಅಡ್ಡ ಬಂದಿದೆಯಾದರೂ ವೇಗದ ರೈಲಿನಲ್ಲಿ ನಲವತ್ತು ನಿಮಿಷದೊಳಗಿನ ಪ್ರಯಾಣ. ದಾರಿಯ ಬಹುಭಾಗ ಸುರಂಗವೇ ಆದ್ದರಿಂದ ಕಿಟಕಿಯಿಂದ ಕಾಣುವುದೇನೂ ಇಲ್ಲ.

ಫ್ಲಾರೆನ್ಸಿನಲ್ಲಿ ಮೊದಲು ಹತ್ತಿದ್ದು ದೊಡ್ಡ ಇಗರ್ಜಿಯ ಗುಮ್ಮಟವನ್ನು. ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ 1420ರಿಂದ 1436ರವರೆಗೆ, ಕೆಳಗಿನಿಂದ ಮರದ ಆಧಾರಚೌಕಟ್ಟನ್ನು ಕೊಡದೆಯೇ ಇದನ್ನು ಕಟ್ಟಿ ಮುಗಿಸಿದ. ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಕೂಗಿ ಆಡುತ್ತ ಬೆಳೆದ ನನಗೆ, ಇಷ್ಟು ದೊಡ್ಡ ಗುಮ್ಮಟ ಬೀಳದೆ ನಿಂತಿರುವುದು ಹೇಗೆ ಎನ್ನುವುದು ಬಾಲ್ಯದಿಂದಲೂ ಇದ್ದ ಕುತೂಹಲ. ಇಲ್ಲಿ ಅದಕ್ಕೆ ಉತ್ತರವನ್ನು ಕೈಯಿಂದ ಮುಟ್ಟಿ ನೋಡಬಹುದು. ಗುಮ್ಮಟವು ಒಂದರ ಮೇಲೊಂದು ಕವಿದ ಎರಡು ಚಿಪ್ಪುಗಳಾಗಿದ್ದು, ಆ ಎರಡರ ನಡುವಿನ ಸಂದಿಯಲ್ಲಿ ಮೆಟ್ಟಿಲುಗಳು ಏರುತ್ತವೆ; ಪಕ್ಕದ ಗೋಡೆಯಲ್ಲಿ ಇಟ್ಟಿಗೆಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಹೆಣೆದಿರುವುದು ಕಾಣುತ್ತದೆ. ಹೀಗೆ ಹೆಣೆದದ್ದರಿಂದಲೇ ಗಾರೆ ಇನ್ನೂ ಒಣಗದಿರುವಾಗಲೂ ಇಟ್ಟಿಗೆ ಜಾರದೆ ಕಚ್ಚಿಕೊಂಡಿತು. ಒಟ್ಟು 463 ಮೆಟ್ಟಿಲು, ಲಿಫ್ಟ್ ಇಲ್ಲ, ಕೊನೆಕೊನೆಗೆ ಗೋಡೆಯೇ ತಲೆಯ ಮೇಲೆ ಬಾಗುತ್ತದೆ. ಮೊಣಕಾಲು ನೋವಿರುವವರಿಗೆ ಇದನ್ನು ನಾನು ಹೇಳಲಾರೆ. ಉಳಿದವರು ಇದನ್ನು ಬಿಡಬಾರದು.

ಆದರೆ ಫ್ಲಾರೆನ್ಸಿನಲ್ಲಿ ನೋಡುವುದೆಲ್ಲವೂ ಗಡಿಯಾರಕ್ಕೆ ಕಟ್ಟಿಹಾಕಿದ ನೋಟ. ಗುಮ್ಮಟಕ್ಕೆ ಮುಂಗಡವಾಗಿ ನಿಗದಿಯಾದ ಸಮಯ, ಉಫೀಜಿ ಚಿತ್ರಶಾಲೆಗೆ ಇನ್ನೊಂದು ಸಮಯ, ಮೈಕೆಲಾಂಜೆಲೊನ ಡೇವಿಡ್ ಇರುವ ಅಕಾಡೆಮಿಯಾಕ್ಕೆ ಮತ್ತೊಂದು. ಒಂದು ಕಡೆ ತಡವಾದರೆ ಮುಂದಿನದು ತಪ್ಪುತ್ತದೆ ಎಂಬ ಆತಂಕದಲ್ಲೇ ನಾವು ಎರಡು ದಿನ ಓಡಾಡಿದೆವು. 5.17 ಮೀಟರ್ ಎತ್ತರದ ಡೇವಿಡ್ ನಿಜಕ್ಕೂ ಉಸಿರು ಹಿಡಿಸುವ ಪ್ರತಿಮೆ. ಆದರೂ ಅದರ ಮುಂದೆ ಸುಮ್ಮನೆ ನಿಲ್ಲಲು ನಮಗೆ ಸಿಕ್ಕ ಅವಕಾಶ ಅತ್ಯಲ್ಪ, ಏಕೆಂದರೆ ಎತ್ತಿ ಹಿಡಿದ ಫೋನುಗಳ ನಡುವಿನಿಂದಲೇ ಅದನ್ನು ನೋಡಬೇಕಾಯಿತು. ಆ ಊರಿನಲ್ಲಿ ನಮಗೆ ನೆಮ್ಮದಿ ಕೊಟ್ಟದ್ದು ಸಾನ್ ಮಾರ್ಕೊ ಮಠ. ಅಲ್ಲಿ ಫ್ರಾ ಆಂಜೆಲಿಕೊ ಎಂಬ ಸನ್ಯಾಸಿ ಹದಿನೈದನೆಯ ಶತಮಾನದಲ್ಲಿ ತನ್ನ ಶಿಷ್ಯರೊಂದಿಗೆ ಸನ್ಯಾಸಿಗಳ ಕೋಣೆಗಳಲ್ಲಿ ಭಿತ್ತಿಚಿತ್ರಗಳನ್ನು ಬರೆದಿದ್ದಾನೆ. ಒಂದು ಕಿರುಕೋಣೆ, ಒಂದು ಕಿಟಕಿ, ಗೋಡೆಯ ಮೇಲೆ ಒಂದೇ ಒಂದು ಚಿತ್ರ. ಒಬ್ಬ ಮನುಷ್ಯ ಜೀವನವಿಡೀ ಅದೊಂದನ್ನೇ ನೋಡುತ್ತ ಧ್ಯಾನಿಸಲಿ ಎಂದು ಬರೆದ ಚಿತ್ರಗಳವು. ಉಫೀಜಿಯ ನೂರಾರು ಚಿತ್ರಗಳಲ್ಲಿ ನೆನಪಿನಲ್ಲಿ ಉಳಿದವು ಬೆರಳೆಣಿಕೆಯಷ್ಟು; ಈ ಕೋಣೆಗಳು ಒಂದೊಂದಾಗಿ ನೆನಪಿವೆ.

ಬೊಲೊನ್ಯಾದಲ್ಲಿ ಮುಂಗಡ ಟಿಕೆಟ್ಟಿನ ಚಿಂತೆ ಬಹುಮಟ್ಟಿಗೆ ಇರಲಿಲ್ಲ. ಊರಿನ ಗುರುತಾದ ಎರಡು ಗೋಪುರಗಳನ್ನು ಹತ್ತಲಾಗಲಿಲ್ಲ ಎಂಬುದು ನಿಜ. ವಾಲಿಕೊಂಡಿರುವ ಗಾರಿಸೆಂಡಾ ಗೋಪುರದ ಸ್ಥಿತಿ ಆತಂಕ ಹುಟ್ಟಿಸಿದ್ದರಿಂದ 2023ರಲ್ಲಿ ಅದರ ಸುತ್ತ ಬೇಲಿ ಹಾಕಿ, ಪಕ್ಕದ 97 ಮೀಟರ್ ಎತ್ತರದ ಅಸಿನೆಲ್ಲಿಯನ್ನೂ ಮುಚ್ಚಿದ್ದರು. ಆದರೆ ಆ ಊರಿನ ನಿಜವಾದ ನೋಟ ಮೇಲಿನಿಂದಲ್ಲ, ನೆಲದ ಮೇಲಿನಿಂದ. ಬೀದಿಯ ಇಕ್ಕೆಲದ ಮನೆಗಳು ಮುಂಭಾಗದಲ್ಲಿ ಕಮಾನುಗಳ ಸಾಲು ಹೊತ್ತು ನಿಂತಿದ್ದು, ಅವುಗಳ ಕೆಳಗೆ ಇಡೀ ಊರಿಗೆ ಒಂದು ಉದ್ದನೆಯ ಪಡಸಾಲೆಯೇ ಆಗಿದೆ. ಪೋರ್ಟಿಕೊ ಎಂದು ಕರೆಯುವ ಈ ಮೊಗಸಾಲೆಗಳ ಒಟ್ಟು ಉದ್ದ 62 ಕಿಲೋಮೀಟರ್. ಯುನೆಸ್ಕೊ 2021ರಲ್ಲಿ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವಿದ್ದ ನಾಲ್ಕು ದಿನಗಳಲ್ಲಿ ಎರಡು ದಿನ ಮಳೆ ಸುರಿಯಿತು, ನಮ್ಮ ಛತ್ರಿ ಒದ್ದೆಯಾದದ್ದು ಬೀದಿ ದಾಟುವಾಗ ಮಾತ್ರ.

ಸಾನ್ ಪೆತ್ರೊನಿಯೊ ಇಗರ್ಜಿಯ ನೆಲದಲ್ಲಿ ಖಗೋಳಜ್ಞ ಕಾಸಿನಿ 1655ರಲ್ಲಿ ಹಾಕಿಸಿದ, 66.8 ಮೀಟರ್ ಉದ್ದದ ಮಧ್ಯಾಹ್ನರೇಖೆಯಿದೆ. ಮೇಲಿನ ರಂಧ್ರದಿಂದ ಇಳಿದ ಸೂರ್ಯಬಿಂಬ ನಡುಹಗಲಿನಲ್ಲಿ ಅದನ್ನು ದಾಟುತ್ತದೆ. ಮೋಡ ಕವಿದಿದ್ದರಿಂದ ನಮಗೆ ಅದು ಕಾಣಲಿಲ್ಲ. ಹಳೆಯ ವಿಶ್ವವಿದ್ಯಾಲಯದ ಕಟ್ಟಡವಾದ ಅರ್ಕಿಜಿನಾಜಿಯೊದಲ್ಲಿ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಮರದ ಅಂಗರಚನಾ ಶಾಲೆಯನ್ನು ನೋಡಿದೆವು. 1944ರ ಬಾಂಬ್ ದಾಳಿಯಲ್ಲಿ ನುಚ್ಚುನೂರಾದ ಆ ಕೋಣೆಯನ್ನು, ಅವಶೇಷಗಳಡಿ ಸಿಕ್ಕ ಕೆತ್ತನೆಗಳನ್ನು ಬಳಸಿಯೇ ಮತ್ತೆ ಎತ್ತಿ ನಿಲ್ಲಿಸಿದ್ದಾರೆ.

ಆದರೆ ನನ್ನ ಮನಸ್ಸು ಕಟ್ಟಿಹಾಕಿದ್ದು ಸಾನ್ ಡೊಮೆನಿಕೊ ಇಗರ್ಜಿ. ಅಲ್ಲಿ ಸಂತ ಡೊಮಿನಿಕನ ಸಮಾಧಿಯ ಮೇಲೆ, ಅರ್ಧ ಮೀಟರಿಗಿಂತ ತುಸು ಹೆಚ್ಚು ಎತ್ತರದ ಮೂರು ಅಮೃತಶಿಲೆಯ ಪ್ರತಿಮೆಗಳಿವೆ. ಅವನ್ನು ಕಡೆದವನೂ ಮೈಕೆಲಾಂಜೆಲೊನೇ, 1494-95ರಲ್ಲಿ, ಇಪ್ಪತ್ತರ ಆಸುಪಾಸಿನ ಹುಡುಗನಾಗಿದ್ದಾಗ. ಅವುಗಳಲ್ಲೊಂದು ಸಂತ ಪ್ರೊಕ್ಯುಲಸನ ವಿಗ್ರಹ, ಅದರ ಗಂಟಿಕ್ಕಿದ ಹುಬ್ಬು, ನೆಟ್ಟ ನೋಟ ನೋಡಿದೊಡನೆ ನನ್ನ ಪತಿ "ಇದು ಮೊನ್ನೆ ನೋಡಿದ ಮುಖವೇ ಅಲ್ಲವೇ?" ಎಂದರು. ಡೇವಿಡ್ ಕಡೆಯಲು ಆರಂಭಿಸುವುದಕ್ಕೆ ಆರೇಳು ವರ್ಷ ಮೊದಲಿನ ಮುಖ ಅದು. ಟಿಕೆಟ್ ಇರಲಿಲ್ಲ, ಸಾಲು ಇರಲಿಲ್ಲ; ಅರ್ಧ ಗಂಟೆ ನಾವಿಬ್ಬರೇ ಅದರ ಮುಂದೆ ನಿಂತಿದ್ದೆವು. ಫ್ಲಾರೆನ್ಸಿನ ದೊಡ್ಡ ಪ್ರತಿಮೆಯನ್ನು ನಾನು ಸರಿಯಾಗಿ ಕಂಡದ್ದು ಈ ಚಿಕ್ಕದರ ಮೂಲಕ ಎಂದೇ ಅನ್ನಿಸುತ್ತದೆ. ಆದ್ದರಿಂದ ನೋಡುವ ವಿಷಯದಲ್ಲಿ, ಸಂಪತ್ತು ಫ್ಲಾರೆನ್ಸಿನದಾದರೂ ಸಾವಧಾನ ಬೊಲೊನ್ಯಾದ್ದು ಎಂಬುದು ನನ್ನ ತೀರ್ಮಾನ.

ಊಟದ ವಿಷಯದಲ್ಲಿ ಲೆಕ್ಕ ತಲೆಕೆಳಗಾಯಿತು. ಬೊಲೊನ್ಯಾಕ್ಕೆ 'ಲಾ ಗ್ರಾಸ್ಸಾ', ಅಂದರೆ ಕೊಬ್ಬಿದ ಊರು, ಎಂಬ ಹೆಸರಿದೆ. ಅದು ಮಾಂಸ, ಬೆಣ್ಣೆ, ಮೊಟ್ಟೆ, ಚೀಸ್‌ಗಳ ಅಡುಗೆ. ನನ್ನ ಪತಿ ಅಲ್ಲಿ ಪರಮಸುಖಿಯಾಗಿದ್ದರು. ಮಾಂಸದ ಸಾರಿನಲ್ಲಿ ತೇಲುವ, ಬೆರಳ ತುದಿಯಷ್ಟಿರುವ, ಮಾಂಸ ತುಂಬಿದ ಪಾಸ್ತಾವಾದ ತೊರ್ತೆಲ್ಲಿನಿಯನ್ನು ಅವರು ಮೂರು ಸಲ ತರಿಸಿಕೊಂಡರು. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸಿದ, ರಾಗು ಎಂಬ ಮಾಂಸದ ಗೊಜ್ಜು ಅಲ್ಲಿ ಸ್ಪಗೆಟ್ಟಿಯೊಂದಿಗೆ ಅಲ್ಲ, ತಾಲ್ಯಾತೆಲ್ಲೆ ಎಂಬ ಚಪ್ಪಟೆ ಪಾಸ್ತಾದೊಂದಿಗೆ ಬರುತ್ತದೆ. ಅದರ ಅಗಲವನ್ನು ಸಹ ಊರಿನವರು 1972ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿದ್ದಾರೆ: ಬೆಂದ ಮೇಲೆ 8 ಮಿಲಿಮೀಟರ್, ಅಂದರೆ ಅಸಿನೆಲ್ಲಿ ಗೋಪುರದ ಎತ್ತರದಲ್ಲಿ 12,270ನೆಯ ಒಂದು ಪಾಲು. ಊಟದ ಬಗ್ಗೆ ಇಷ್ಟು ಶ್ರದ್ಧೆಯಿರುವ ಜನರ ಬಗ್ಗೆ ನನಗೆ ಗೌರವವೇ ಹೆಚ್ಚಾಯಿತು.

ನನಗೆ ಸಿಕ್ಕಿದ್ದು ರಿಕೊಟ್ಟಾ ಎಂಬ ಮೃದು ಚೀಸ್ ತುಂಬಿ, ಬೆಣ್ಣೆ ಮತ್ತು ಸೇಜ್ ಎಲೆಯಲ್ಲಿ ಹೊರಳಿಸಿದ, ತೊರ್ತೆಲ್ಲಿನಿಗಿಂತ ದೊಡ್ಡದಾದ ತೊರ್ತೆಲ್ಲೋನಿ. ಮೊದಲ ರಾತ್ರಿ ಬಹಳ ಇಷ್ಟಪಟ್ಟು ತಿಂದೆ. ಮರುದಿನ ಕ್ವಾದ್ರಿಲಾತೆರೊ ಎಂಬ ಹಳೆಯ ಪೇಟೆಯ ಚೀಸ್ ಅಂಗಡಿಯಲ್ಲಿ ವಿಚಾರಿಸಿದಾಗ, ಹೂರಣಕ್ಕೆ ಸೇರಿಸುವ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲನ್ನು ಹೆಪ್ಪುಗಟ್ಟಿಸಲು ಎಳೆಗರುವಿನ ಜಠರದಿಂದ ತೆಗೆದ ರೆನೆಟ್ಟನ್ನೇ ಬಳಸಬೇಕೆಂಬ ನಿಯಮವಿದೆ ಎಂದು ತಿಳಿಯಿತು. ಅಂದಿನಿಂದ ಅದನ್ನು ಬಿಟ್ಟೆ. ಬಿಟ್ಟ ಮೇಲೆ ಆ ಊರಿನಲ್ಲಿ ನನ್ನ ಪಾಲಿಗೆ ಉಳಿದದ್ದು ಬಹಳ ಕಡಿಮೆ. ಈರುಳ್ಳಿ, ಟೊಮೇಟೊ ಬೇಯಿಸಿ ಮಾಡುವ ಫ್ರಿಜೋನೆ ಎಂಬ ಪಲ್ಯ ನೋಡಲು ನಮ್ಮದೇ ಅಡುಗೆಯಂತಿತ್ತು, ಆದರೆ ಅದಕ್ಕೆ ಹಂದಿಯ ಕೊಬ್ಬು ಹಾಕುವುದು ರೂಢಿ. ಮಾಂಸ ಬೇಡವೆಂದು ಹೇಳಿದರೆ ಸಾಲದು, 'ಬ್ರೋದೊ' ಎಂಬ ಮಾಂಸದ ಸಾರು ಮತ್ತು 'ಸ್ಟ್ರುತ್ತೊ' ಎಂಬ ಹಂದಿಯ ಕೊಬ್ಬು ಇದೆಯೇ ಎಂದು ಹೆಸರು ಹಿಡಿದು ಕೇಳಬೇಕು ಎಂಬುದನ್ನು ಕಲಿತದ್ದು ಅಲ್ಲಿಯೇ.

ಫ್ಲಾರೆನ್ಸಿನ ಅಡುಗೆ ಬಡವರ ಮನೆಯಲ್ಲಿ ಹುಟ್ಟಿದ್ದು. ಹಳೆಯದಾಗಿ ಒಣಗಿದ ಬ್ರೆಡ್, ಕಾಳು, ಸೊಪ್ಪು, ಆಲಿವ್ ಎಣ್ಣೆ ಅದರ ಬೆನ್ನೆಲುಬು. ಅಲ್ಲಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ನನ್ನ ಪತಿ ಮೊದಲ ತುತ್ತಿಗೇ ಅದನ್ನು ಪಕ್ಕಕ್ಕಿಟ್ಟರು. ನನಗೆ ಮಾತ್ರ ಅದರ ಮರ್ಮ ಕೂಡಲೇ ಹೊಳೆಯಿತು, ಏಕೆಂದರೆ ನಮ್ಮ ಮನೆಯಲ್ಲಿ ಜೋಳದ ರೊಟ್ಟಿಗೂ ಉಪ್ಪು ಹಾಕುತ್ತಿರಲಿಲ್ಲ. ಉಪ್ಪು, ಖಾರ ಎಲ್ಲವೂ ಪಲ್ಯದಲ್ಲಿ, ಚಟ್ನಿಯಲ್ಲಿ ಇರುತ್ತದೆ, ರೊಟ್ಟಿಯ ಕೆಲಸ ಅದನ್ನು ಹೊರುವುದು. ಒಣಗಿದ ಇದೇ ಬ್ರೆಡ್ಡನ್ನು ಟೊಮೇಟೊ, ಬೆಳ್ಳುಳ್ಳಿ, ತುಳಸಿಯ ಜಾತಿಯ ಬೇಸಿಲ್ ಎಲೆ ಮತ್ತು ಎಣ್ಣೆಯೊಂದಿಗೆ ಬೇಯಿಸಿ ಮುದ್ದೆಯಾಗಿಸಿದರೆ ಅದು ಪಾಪ್ಪಾ ಅಲ್ ಪೊಮೊದೊರೊ. ಒಂದು ಚಮಚ ಬಾಯಿಗಿಟ್ಟಾಗ, ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಎಣ್ಣೆ ಸೇರಿಸಿ ಅಜ್ಜಿ ಕುಟ್ಟಿಕೊಡುತ್ತಿದ್ದ ಮುಟಗಿ ನೆನಪಾಗಿ ಮಾತೇ ನಿಂತುಹೋಯಿತು. ರುಚಿ ಒಂದೇ ಅಲ್ಲ. ಇದರಲ್ಲಿ ಖಾರವಿಲ್ಲ, ಹುಳಿಯಿದೆ. ಆದರೆ ರೊಟ್ಟಿಯನ್ನು ಬಲ್ಲವರು ಮಾಡಿದ ಅಡುಗೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಟೊಮೇಟೊ ಮತ್ತು ಸೇಜ್ ಎಲೆಯಲ್ಲಿ ಬೇಯಿಸಿದ ಬಿಳಿ ಬೀನ್ಸ್ ಕಾಳು, ಕಪ್ಪು ಕೇಲ್ ಸೊಪ್ಪು ಹಾಕಿದ ರಿಬೊಲ್ಲಿತಾ ಎಂಬ ಬ್ರೆಡ್ಡಿನ ಗಟ್ಟಿ ಸಾರು, ಇವೆರಡೂ ನಾಲ್ಕು ದಿನ ನನ್ನ ಹೊಟ್ಟೆ ತುಂಬಿಸಿದವು. ಟಸ್ಕನಿಯವರನ್ನು ಉಳಿದ ಇಟಲಿಯವರು 'ಕಾಳು ತಿನ್ನುವವರು' ಎಂದು ಕರೆಯುತ್ತಾರಂತೆ. ನನ್ನ ಮಟ್ಟಿಗೆ ಅದು ಬಿರುದು.

ನನ್ನ ಪತಿಗೆ ಅಲ್ಲಿ ನಿರಾಸೆಯೇ ಹೆಚ್ಚು. ಆ ಊರಿನ ಹೆಸರಾಂತ ಬಿಸ್ತೆಕ್ಕಾ ಎಂಬ ದನದ ಮಾಂಸದ ದಪ್ಪ ತುಂಡನ್ನು ತೂಕಕ್ಕೆ ಮಾರುತ್ತಾರೆ, ಒಂದು ತುಂಡು ಸುಮಾರು ಒಂದು ಕಿಲೋ ತೂಗುತ್ತದೆ. ಜೊತೆಗಿರುವವಳು ಸಸ್ಯಾಹಾರಿಯಾದರೆ ಒಬ್ಬರೇ ಅದನ್ನು ಮುಗಿಸಲಾಗದು. ಒಳಗೆ ಕೆಂಪಗೆ ಉಳಿಯುವಂತೆ ಸುಡುವುದೂ ಅವರಿಗೆ ಒಗ್ಗುವಂತಿರಲಿಲ್ಲ. ತಳ್ಳುಗಾಡಿಯಲ್ಲಿ ಮಾರುವ, ಹಸುವಿನ ಜಠರದ ಲಾಂಪ್ರೆದೊತ್ತೊ ತುಂಬಿದ ಬನ್ನನ್ನು ತಿಂದು ಸಮಾಧಾನಪಟ್ಟರು. ಹಣದ ದೃಷ್ಟಿಯಿಂದಲೂ ಫ್ಲಾರೆನ್ಸಿನ ನಡುಭಾಗ ನಮಗೆ ಭಾರವಾಯಿತು. ಒಂದು ಚೌಕದ ಅಂಚಿನಲ್ಲಿ ಕುಳಿತು ಕುಡಿದ ಎರಡು ಕಾಫಿಗೆ, ಹಿಂದಿನ ಓಣಿಯಲ್ಲಿ ಕಟ್ಟೆಯ ಮುಂದೆ ನಿಂತು ಕುಡಿದದ್ದರ ಮೂರು ಪಟ್ಟಿಗಿಂತ ಹೆಚ್ಚು ತೆತ್ತೆವು.

ಮತ್ತೆ ಹೋಗುವುದಾದರೆ ನಾವು ಬೊಲೊನ್ಯಾದಲ್ಲೇ ಕೋಣೆ ಹಿಡಿಯುತ್ತೇವೆ, ಫ್ಲಾರೆನ್ಸಿಗೆ ಬೆಳಗಿನ ರೈಲಿನಲ್ಲಿ ಹೋಗಿಬರುತ್ತೇವೆ. ಇದನ್ನು ಕೊನೆಯ ದಿನ ಮಾಡಿಯೂ ನೋಡಿದೆವು. ಗುಮ್ಮಟದ ಕಡೆಗೆ ತಿರುಗಿಯೂ ನೋಡದೆ ನೇರವಾಗಿ ಪೇಟೆಗೆ ನಡೆದು, ನಾನು ಒಂದು ಬಟ್ಟಲು ಪಾಪ್ಪಾ ತಿಂದೆ. ಅವರು ಎದುರಿಗೆ ಕುಳಿತು, ಹಸಿವನ್ನು ತಡೆದುಕೊಂಡು, ನೀರು ಮಾತ್ರ ಕುಡಿದರು. ಸಂಜೆ ಬೊಲೊನ್ಯಾಕ್ಕೆ ಮರಳಿದಾಗ ತೊರ್ತೆಲ್ಲಿನಿಯ ತಟ್ಟೆ ಅವರಿಗಾಗಿ ಕಾದಿತ್ತು.