ಫೇಸ್‌ಲಿಫ್ಟ್ ಅಂತ ದುಡ್ಡು ಕಟ್ಟಿಸಿಕೊಂಡರು, ಹಾಕಿದ್ದು ದಾರ

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ನನ್ನ ಅಕ್ಕನಿಗೂ ಹೇಳಿಲ್ಲ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ಆ ಮೆಟ್ಟಿಲು ಹತ್ತಬಾರದು ಅಂತ.

ನನಗೆ 54. ಮಗಳ ಮದುವೆಗೆ ಎರಡು ತಿಂಗಳಿತ್ತು. ಯಾವ ಫೋಟೋ ನೋಡಿದರೂ ಗದ್ದದ ಕೆಳಗೆ ಜೋತುಬಿದ್ದ ಚರ್ಮವೇ ಕಣ್ಣಿಗೆ ಬೀಳುತ್ತಿತ್ತು. ಬೆಂಗಳೂರಿನ ಒಂದು ಕ್ಲಿನಿಕ್‌ಗೆ ಹೋದೆ. "ಫೇಸ್‌ಲಿಫ್ಟೇ ಮೇಡಂ, ಕೊಯ್ಯೋದಿಲ್ಲ, ಸೋಮವಾರ ಆಫೀಸಿಗೆ ಹೋಗಬಹುದು" ಅಂದಳು ಕೌನ್ಸೆಲರ್ ಹುಡುಗಿ. 1,60,000 ರೂಪಾಯಿ. ಅವತ್ತೇ ಕಟ್ಟಿದರೆ 20 ಸಾವಿರ ಕಡಿಮೆ. ಕಟ್ಟಿದೆ. ಹೌದು, ಅವತ್ತೇ ಕಟ್ಟಿದೆ. ಕೊತ್ತಂಬರಿ ಸೊಪ್ಪಿಗೆ ಐದು ರೂಪಾಯಿ ಚೌಕಾಸಿ ಮಾಡುವವಳು ನಾನು!

ಮುಖಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮುಕ್ಕಾಲು ಗಂಟೆಯಲ್ಲಿ ಮುಗಿಸಿದರು. ನಾಲ್ಕನೇ ದಿನ ಎಡಗೆನ್ನೆಯಲ್ಲಿ ಗುಳಿ. ಬಾಯಿ ತೆರೆದರೆ ಒಳಗೆ ಏನೋ ಎಳೆದ ಹಾಗೆ. ಫೋಟೋ ಕಳಿಸಿದೆ. "ನಾರ್ಮಲ್ ಮೇಡಂ." ಹತ್ತನೇ ದಿನ ಮತ್ತೆ ಕಳಿಸಿದೆ. "ನಿಮ್ಮ ಸ್ಕಿನ್ ಸ್ವಲ್ಪ ಲೂಸ್ ಮೇಡಂ, ಅದಕ್ಕೇ." ಲೂಸ್ ಅಂತ ತಾನೇ ನಾನು ಬಂದಿದ್ದು! ಮೂರನೇ ವಾರ ಕಿವಿ ಹತ್ತಿರ ದಾರದ ತುದಿ ಚುಚ್ಚಿಕೊಂಡು ಹೊರಗೆ ಬಂತು. ಅದಕ್ಕೆ ಉತ್ತರ? "ಇನ್ನೊಂದು ಸೆಷನ್ ಮಾಡಿಸಿ, 40 ಸಾವಿರ."

ಬೇರೆ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಓಡಿದೆ. ಫೇಸ್‌ಲಿಫ್ಟ್ ಆಗಿದೆ ಅಂದೆ. ಅವರು ನನ್ನ ಕೂದಲು ಸರಿಸಿ ಕಿವಿ ಹಿಂದೆ ಮುಂದೆ ನೋಡಿ, "ಹೊಲಿಗೆ ಎಲ್ಲಮ್ಮಾ?" ಅಂದರು.

ಹೊಲಿಗೆ ಇದ್ದರೆ ತಾನೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಲ್ ತೆಗೆದು ನೋಡಿದರೆ ಫೇಸ್‌ಲಿಫ್ಟ್ ಅನ್ನುವ ಪದವೇ ಇಲ್ಲ. ಪಿಡಿಒ ಥ್ರೆಡ್, 12. ಚರ್ಮದ ಕೆಳಗೆ ತೂರಿಸಿ ಎಳೆದು ಹಿಡಿಸುವ, ಸುಮಾರು ಆರು ತಿಂಗಳಲ್ಲಿ ಕರಗಿಹೋಗುವ ದಾರವಂತೆ.

ನಿಜವಾದ ಫೇಸ್‌ಲಿಫ್ಟ್ ಅಂದರೆ ಕಿವಿಯ ಸುತ್ತ ಕೊಯ್ದು, ಚರ್ಮದ ಕೆಳಗಿನ ಪದರವನ್ನೂ ಎಳೆದು ಹೊಲಿಯುವ ಆಪರೇಷನ್. ಗಂಟೆಗಟ್ಟಲೆ ಹಿಡಿಯುತ್ತದೆ. ಒಳಗೆ ರಕ್ತ ಕಟ್ಟುವ ಭಯ ಮೊದಲ ದಿನವೇ ಜಾಸ್ತಿ. ತಲೆ ಎತ್ತರಿಸಿಕೊಂಡು ಮಲಗಬೇಕು. ಊತ, ಕಪ್ಪುನೀಲಿ ಕಲೆ ಎರಡು ವಾರ ಇದ್ದೇ ಇರುತ್ತದೆ. ಕಿವಿ ಹತ್ತಿರ ಜೋಮು ತಿಂಗಳುಗಟ್ಟಲೆ. ಸೋಮವಾರ ಆಫೀಸಂತೆ!

ಕ್ಲಿನಿಕ್‌ಗೆ ಫೋನ್ ಮಾಡಿ ಕೂಗಾಡಿದೆ. "ಥ್ರೆಡ್ ಲಿಫ್ಟೂ ಲಿಫ್ಟೇ ಅಲ್ವಾ ಮೇಡಂ? ನೀವೇ ಸೈನ್ ಮಾಡಿದೀರಲ್ಲ." ಮಾಡಿದ್ದೇನೆ. ಓದದೆ ಮಾಡಿದ್ದೇನೆ.

ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ ಅಂತಾರೆ) ಡಿಗ್ರಿ ಮಾಡಿದ್ದಾರಾ ಕೇಳಿ. ಏನು ಮಾಡುತ್ತಾರೆ ಅಂತ ಬರೆಸಿಕೊಳ್ಳಿ. ಇವತ್ತೇ ಕಟ್ಟಿ ಅಂದರೆ ಎದ್ದು ಬನ್ನಿ.

ದುಡ್ಡು ವಾಪಸ್ ಕೇಳಿ ಹನ್ನೊಂದು ದಿನ ಆಯಿತು. ಮೆಸೇಜಿಗೆ ನೀಲಿ ಗೆರೆ ಬಿದ್ದಿದೆ, ಉತ್ತರ ಇಲ್ಲ.