ಹಾಡನ್ನು ನಂಬದ ಮರುನಿರ್ಮಾಣ: 2014ರ ‘ಆ್ಯನಿ’

ಬೇಸಿಗೆ ರಜೆಗೆ ತಂಗಿಯ ಮಕ್ಕಳಿಬ್ಬರು ದಾವಣಗೆರೆಯ ನಮ್ಮ ಮನೆಗೆ ಬಂದಿದ್ದಾಗ, ಅನಾಥ ಹುಡುಗಿಯೊಬ್ಬಳ ಕಥೆಯನ್ನು ಹಾಡುಗಳ ಮೂಲಕವೇ ಹೇಳುವ ‘ಆ್ಯನಿ’ಯ ಎರಡು ಚಿತ್ರಗಳನ್ನು ಅವರೊಂದಿಗೆ ಕೂತು ನೋಡಿದೆ. ಜಾನ್ ಹ್ಯೂಸ್ಟನ್ ನಿರ್ದೇಶಿಸಿದ 1982ರ ಚಿತ್ರವನ್ನು ಮೊದಲ ಸಂಜೆ ನೋಡಿದೆವು; ವಿಲ್ ಗ್ಲಕ್ ನಿರ್ದೇಶಿಸಿದ 2014ರ ಚಿತ್ರವನ್ನು ಮರುದಿನ. ಈ ವಿಮರ್ಶೆ ಎರಡನೆಯದರದು. ಆದರೆ ಹಳೆಯದನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಹೊಸದರ ತೂಕ ಹೇಳುವುದು ನನ್ನಿಂದಾಗದು.

ಈ ಹುಡುಗಿ ಹುಟ್ಟಿದ್ದು 1924ರಲ್ಲಿ, ಹೆರಾಲ್ಡ್ ಗ್ರೇ ಅವರ ಪತ್ರಿಕಾ ಚಿತ್ರಸರಣಿಯಲ್ಲಿ. 1977ರಲ್ಲಿ ಅವಳು ಚಾರ್ಲ್ಸ್ ಸ್ಟ್ರೌಸ್ ಅವರ ಸಂಗೀತ ಮತ್ತು ಮಾರ್ಟಿನ್ ಚಾರ್ನಿನ್ ಅವರ ಸಾಹಿತ್ಯದೊಡನೆ ಬ್ರಾಡ್‌ವೇ ರಂಗಭೂಮಿಗೆ ಬಂದಳು. ಹ್ಯೂಸ್ಟನ್ ಅವರ ಚಿತ್ರದಲ್ಲಿ ಕಾಲ ಆರ್ಥಿಕ ಮುಗ್ಗಟ್ಟಿನ ದಿನಗಳದು. ಹೊಸ ಚಿತ್ರ ಇಂದಿನ ನ್ಯೂಯಾರ್ಕಿನಲ್ಲಿ ನಡೆಯುತ್ತದೆ: ಅನಾಥಾಲಯದ ಜಾಗದಲ್ಲಿ ಸರ್ಕಾರದ ಹಣಕ್ಕಾಗಿ ಮಕ್ಕಳನ್ನು ಸಾಕುವ ಹೆಂಗಸಿನ ಮನೆಯಿದೆ, ಹಳೆಯ ಶ್ರೀಮಂತ ವಾರ್‌ಬಕ್ಸ್ ಬದಲು ಮೇಯರ್ ಚುನಾವಣೆಗೆ ನಿಂತಿರುವ ಮೊಬೈಲ್ ಕಂಪನಿಯ ಮಾಲೀಕನಿದ್ದಾನೆ, ಅವನು ಮಗುವನ್ನು ಮನೆಗೆ ಕರೆತರುವುದು ಮತಕ್ಕಾಗಿ. ಈ ಬದಲಾವಣೆಯ ಬಗ್ಗೆ ನನ್ನ ತಕರಾರಿಲ್ಲ. ಚಿಂದೋಡಿ ಮನೆತನದ ನಾಟಕ ಕಂಪನಿಯ ಊರಿನವಳಾದ ನನಗೆ, ಕಥೆ ಅದೇ ಇದ್ದರೂ ಕ್ಯಾಂಪಿನಿಂದ ಕ್ಯಾಂಪಿಗೆ ಮಾತು, ಹಾಸ್ಯ, ಉಡುಪು ಎಲ್ಲವನ್ನೂ ಆಯಾ ಊರಿಗೆ ಹೊಂದಿಸಿಕೊಳ್ಳುವುದು ರಂಗದ ಸಹಜ ಧರ್ಮವೆಂದೇ ತೋರುತ್ತದೆ.

ಮೊದಲ ದೃಶ್ಯದಲ್ಲಿ ಆ ಧೈರ್ಯ ಫಲ ಕೊಟ್ಟಿದೆ. ತರಗತಿಯೊಂದರಲ್ಲಿ ಕೆಂಪು ಗುಂಗುರು ಕೂದಲಿನ, ನಾವು ಕಂಡಿದ್ದ ಹಳೆಯ ಆ್ಯನಿಯಂತೆಯೇ ಇರುವ ಹುಡುಗಿ ಪಾಠ ಒಪ್ಪಿಸಿ ಕೂರುತ್ತಾಳೆ. ಬಳಿಕ ಅದೇ ಹೆಸರಿನ ಇನ್ನೊಬ್ಬಳು, ಅಂದರೆ ಕ್ವವೆಂಜನೆ ವಾಲಿಸ್, ಎದ್ದು ಬಂದು ಅಧ್ಯಕ್ಷ ರೂಸ್‌ವೆಲ್ಟ್ ಕುರಿತ ತನ್ನ ಪಾಠವನ್ನು ಸಹಪಾಠಿಗಳ ಕೈತಟ್ಟಿಗೆ, ಕಾಲು ಬಡಿತಕ್ಕೆ ಹೊಂದಿಸಿ ಇಡೀ ತರಗತಿಯನ್ನೇ ವಾದ್ಯಮೇಳವಾಗಿಸುತ್ತಾಳೆ. ನಮ್ಮ ಮನೆಯ ಮಕ್ಕಳೂ ಕೂತಲ್ಲಿಯೇ ನೆಲ ಬಡಿಯತೊಡಗಿದರು. ಮೂಲದ ನೆನಪಿಗೆ ಗೌರವ ಸಲ್ಲಿಸಿ ತನ್ನ ದಾರಿ ಹಿಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು.

ಚಿತ್ರ ಎಡವುವುದು ಹಾಡಿನಲ್ಲಿ. ಗೀತಪ್ರಧಾನ ಚಿತ್ರಕ್ಕೆ ಇದಕ್ಕಿಂತ ದೊಡ್ಡ ದೋಷ ಬೇರೊಂದಿಲ್ಲ. ‘ಟುಮಾರೋ’ ಹಾಡನ್ನೇ ತೆಗೆದುಕೊಳ್ಳೋಣ. 1982ರಲ್ಲಿ ಐಲೀನ್ ಕ್ವಿನ್ ಅದನ್ನು ಶ್ವೇತಭವನದಲ್ಲಿ ರೂಸ್‌ವೆಲ್ಟ್ ದಂಪತಿಯ ಮುಂದೆ ನಿಂತು ಹಾಡುತ್ತಾಳೆ, ಮೇಲಿನ ಸ್ವರ ಮುಟ್ಟುವಾಗ ಎಳೆಯ ಗಂಟಲಿಗೆ ಆಗುವ ಶ್ರಮ ನಮಗೆ ಕೇಳಿಸುತ್ತದೆ, ಆ ಶ್ರಮದಿಂದಲೇ ಅವಳ ಭರವಸೆ ನಿಜವೆನಿಸುತ್ತದೆ. 2014ರ ಹುಡುಗಿ ಅದನ್ನು ಒಂಟಿಯಾಗಿ ಬೀದಿಯಲ್ಲಿ ನಡೆಯುತ್ತಾ ಹಾಡುತ್ತಾಳೆ. ದಾರಿಯ ಗಾಜುಗಳಲ್ಲಿ ಅಪ್ಪ ಅಮ್ಮಂದಿರ ಕೈ ಹಿಡಿದ ಮಕ್ಕಳ ಪ್ರತಿಬಿಂಬಗಳು ಕಾಣುತ್ತವೆ. ಎಂಥ ಚಂದದ ಕಲ್ಪನೆ! ಆದರೆ ಆ ದನಿಯ ಮೇಲೆ ಸ್ವರ ತಿದ್ದುವ ತಂತ್ರಾಂಶದ ನುಣುಪು ಕಿವಿಗೆ ಎದ್ದು ಕೇಳುತ್ತದೆ, ತಾಳದ ಅಬ್ಬರ ಉಸಿರಿಗೆ ಎಡೆಯೇ ಕೊಡುವುದಿಲ್ಲ. ‘ದೊಡ್ಡಮ್ಮಾ, ಈ ಹುಡುಗಿ ಹಾಡ್ತಿಲ್ಲ, ಫೋನಲ್ಲಿ ಹಾಡು ಹಚ್ಚಿದಾರೆ’ ಎಂದು ಏಳು ವರ್ಷದ ಕಿರಿಯವಳು ಹೇಳಿದಾಗ ನನಗೆ ಸೇರಿಸಲು ಏನೂ ಉಳಿದಿರಲಿಲ್ಲ. ಕಂಪನಿ ನಾಟಕದಲ್ಲಿ ಲೆಗ್ ಹಾರ್ಮೋನಿಯಂ ಮುಂದೆ ಕೂತ ಮಾಸ್ತರರು ನಟಿಯ ಗಂಟಲು ನೋಡಿ ಶ್ರುತಿ ಹಿಡಿಯುತ್ತಿದ್ದರು. ಸ್ವರ ಅಲುಗಿದರೂ ಭಾವ ಗಟ್ಟಿಯಾಗಿದ್ದರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ವಾಲಿಸ್ ಸಾಮಾನ್ಯ ಪ್ರತಿಭೆಯಲ್ಲ, ಇದಕ್ಕೂ ಮೊದಲೇ ಆಸ್ಕರ್‌ನ ಶ್ರೇಷ್ಠ ನಟಿ ವಿಭಾಗಕ್ಕೆ ನಾಮನಿರ್ದೇಶನಗೊಂಡಿದ್ದ ಬಾಲಕಿ. ಅವಳ ಗಂಟಲನ್ನು ಇದ್ದ ಹಾಗೆಯೇ ನಂಬಬಹುದಿತ್ತು.

ಅದೇ 2014ರಲ್ಲಿ ನಮ್ಮ ‘ಕಸ್ತೂರಿ ನಿವಾಸ’ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂದದ್ದು ಇಲ್ಲಿ ನೆನಪಾಗುತ್ತದೆ. 1971ರ ಆ ಚಿತ್ರಕ್ಕೆ ಬಣ್ಣ ಹೊಸದಾಯಿತು, ಪಿ.ಬಿ. ಶ್ರೀನಿವಾಸ್ ಅವರ ಕಂಠ ಮಾತ್ರ ಅದೇ ಉಳಿಯಿತು.

ದೊಡ್ಡವರ ಪಾತ್ರಗಳಲ್ಲಿ ಮೊಬೈಲ್ ಕಂಪನಿಯ ಮಾಲೀಕನಾಗಿರುವ ಜೇಮಿ ಫಾಕ್ಸ್ ಹಾಡಬಲ್ಲವರು, ಕೂತು ಕೇಳಿಸಿಕೊಳ್ಳಬಹುದು. ಮಕ್ಕಳನ್ನು ಸಾಕುವ ಹೆಂಗಸಾದ ಹ್ಯಾನಿಗನ್ ಆಗಿ ಕ್ಯಾಮರಾನ್ ಡಯಾಜ್ ಅವರ ಪಾತ್ರ ಆರಂಭದಿಂದ ಕೊನೆಯವರೆಗೂ ಕೂಗಾಟವಾಗಿಯೇ ಉಳಿಯುತ್ತದೆ. 1982ರಲ್ಲಿ ಕ್ಯಾರಲ್ ಬರ್ನೆಟ್ ಅದೇ ಪಾತ್ರದಲ್ಲಿ ಕುಡುಕಿಯ ಒಂಟಿತನವನ್ನೂ ಹಾಸ್ಯವನ್ನೂ ಒಟ್ಟಿಗೆ ತಂದಿದ್ದರು.

ಹೊಸದಾಗಿ ಸೇರಿಸಿದ ಹಾಡುಗಳಲ್ಲಿ ಗುಗೆನ್‌ಹೈಮ್ ವಸ್ತುಸಂಗ್ರಹಾಲಯದ ಸಮಾರಂಭದಲ್ಲಿ ಬರುವ ‘ಆಪರ್ಚುನಿಟಿ’ ಒಂದನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಅಲ್ಲಿ ಹುಡುಗಿ ಓಡುವುದಿಲ್ಲ, ಕುಣಿಯುವುದಿಲ್ಲ, ತನಗೆ ಸಿಕ್ಕ ಅವಕಾಶವನ್ನು ಕೈಬಿಡಲಾರೆನೆಂದು ನಿಧಾನವಾಗಿ ಹಾಡುತ್ತಾಳೆ. ಅಷ್ಟು ಹೊತ್ತು ಮಂಡಕ್ಕಿ ಮೆಲ್ಲುತ್ತಾ ಗಲಾಟೆ ಮಾಡುತ್ತಿದ್ದ ಮಕ್ಕಳಿಬ್ಬರೂ ಅಲ್ಲಿ ಸುಮ್ಮನಾದರು, ಹಿರಿಯವಳ ಕೈ ತಟ್ಟೆಯ ಮೇಲೆಯೇ ನಿಂತಿತ್ತು.

ಚಿತ್ರದ ಅವಧಿ ಎರಡು ಗಂಟೆಗೆ ಎರಡು ನಿಮಿಷ ಕಡಿಮೆ. ಮನೆಯ ಮಕ್ಕಳಿಗೆ ತೋರಿಸುವವರು ದಯವಿಟ್ಟು 1982ರದ್ದನ್ನು ಮೊದಲು ತೋರಿಸಿ. ಹೊಸದರಲ್ಲಿ ಸಮಯ ಸಾಲದಿದ್ದರೆ ತರಗತಿಯ ದೃಶ್ಯ ಮತ್ತು ಗುಗೆನ್‌ಹೈಮ್ ಹಾಡು, ಇವೆರಡನ್ನು ಮಾತ್ರ ತಪ್ಪಿಸಬೇಡಿ.