ಹಳೆ ಮನೆಯ ಮರದಲ್ಲಿ ಮಾಡಿಸಿದ ಊಟದ ಮೇಜು: ನಾಲ್ಕು ವರ್ಷ ಬಳಸಿದ ಮೇಲೆ

ಮರದ ಸಾಮಾನು ಮನೆಗೆ ಬಂದ ವಾರದಲ್ಲೇ ಐದು ಸ್ಟಾರ್ ಕೊಡುವವರೇ ಜಾಸ್ತಿ. ಮಳೆಗಾಲ, ಬೇಸಿಗೆ ಎರಡೂ ಒಂದೆರಡು ಸಲ ದಾಟದೆ ಅದರ ಗುಣ ಗೊತ್ತಾಗುವುದಿಲ್ಲ. ಅದಕ್ಕೇ ಇಷ್ಟು ತಡವಾಗಿ ಬರೆಯುತ್ತಿದ್ದೇನೆ.

ಮಾಡಿಸಿದ್ದು ಆರು ಜನ ಕೂರುವ ಊಟದ ಮೇಜು ಮತ್ತು ಒಂದು ಬೆಂಚು. ಮಾಡಿಕೊಟ್ಟವರು ಕರಾವಳಿಯ ಕಡೆಯ ಬಡಗಿ, ಆಚಾರ್ರು. ಕೆಡವಿದ ಹೆಂಚಿನ ಮನೆಗಳ ತೊಲೆ, ಪಕಾಸು (ಹೆಂಚು ಹೊರುವ ಮರದ ಪಟ್ಟಿ) ಕೊಂಡು, ಸೀಳಿ, ಹೊಸ ಸಾಮಾನು ಮಾಡುತ್ತಾರೆ. ನಮ್ಮದು ಸಾಗುವಾನಿ. ಹೊಸ ಮರ ಕಡಿಯಬೇಕಿಲ್ಲ ಅನ್ನುವುದು ಸರಿಯೇ. ನನಗೆ ಅದಕ್ಕಿಂತ ಆಸೆ ಹುಟ್ಟಿಸಿದ್ದು ಮರದ ಗುಣ. ದಶಕಗಟ್ಟಲೆ ಮಾಡಿನ ಕೆಳಗೆ ಒಣಗಿದ, ಇಷ್ಟು ಒಳ್ಳೆ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಇರುವ ಮರ ಈಗ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ.

ಹಳೆ ಮರ ಅಂದ್ರೆ ಅಗ್ಗ ಅಲ್ವಾ ಅಂತ ಬಂದವರೆಲ್ಲ ಕೇಳುತ್ತಾರೆ. ಅಂಗಡಿಯ ಮೇಜಿಗಿಂತ ಹೆಚ್ಚೇ ಆಯಿತು. ಮರದೊಳಗೆ ಮುರಿದ ಮೊಳೆಗಳಿರುತ್ತವೆ. ಒಂದು ಉಳಿದರೂ ಯಂತ್ರದ ಬ್ಲೇಡು ಹೋಯಿತು. ಹುಡುಕಿ ಹುಡುಕಿ ಕೀಳಬೇಕು. ಪಕಾಸಿನ ಅಗಲ ಕಡಿಮೆ, ಹಾಗಾಗಿ ಪಟ್ಟಿಗೆ ಪಟ್ಟಿ ಜೋಡಿಸಿಯೇ ಹಲಗೆ ಆಗಬೇಕು. ದುಡ್ಡೆಲ್ಲ ಹೋಗುವುದು ಕೂಲಿಗೆ. ಮೊಳೆ ಇದ್ದ ಕಡೆ ಕಪ್ಪು ಕಲೆ ಉಳಿದಿದೆ. ಅತ್ತೆಗೆ ಅದು ಕಣ್ಣಿಗೆ ಚುಚ್ಚುತ್ತದೆ, ನನಗೆ ಇಷ್ಟ.

ಮೇಜಿನ ಕೆಲಸಕ್ಕೆ ಮಾತ್ರ ಕೈ ಮುಗಿಯಬೇಕು. ಕಾಲು, ಅಡ್ಡಪಟ್ಟಿ ಎಲ್ಲ ತೂತು ಕೊರೆದು ಒಳಗೆ ಕೂರಿಸಿದ್ದು. ಮೇಲಿನ ಹಲಗೆಯನ್ನು ಮೊಳೆ ಹೊಡೆದು ಬಿಗಿದಿಲ್ಲ, ಅಡಿಯಲ್ಲಿ ಮರದ ತುಂಡುಗಳು ಹಿಡಿದುಕೊಂಡಿವೆ. "ಮಳೆಗಾಲದಲ್ಲಿ ಹಿಗ್ಗಲಿಕ್ಕೆ ಜಾಗ ಬೇಕಲ್ಲ, ಬಿಗಿದ್ರೆ ಸೀಳ್ತದೆ" ಅಂದಿದ್ದರು ಆಚಾರ್ರು. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೇ ಇಲ್ಲ ಅನ್ನಬೇಕು, ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ. ಬೆಂಗಳೂರಿನ ಮಾರ್ಚ್ ಬಿಸಿಲಿಗೆ ಹಲಗೆ ಕುಗ್ಗಿ, ತುದಿಗೆ ಅಡ್ಡಲಾಗಿ ಕೂರಿಸಿದ ಪಟ್ಟಿ ಅಂಚಿನಿಂದ ಚೂರು ಹೊರಗೆ ಬರುತ್ತದೆ. ಜುಲೈಗೆ ಮತ್ತೆ ಸಮ. ಬಿರುಕು ಒಂದೂ ಇಲ್ಲ.

ಮರದ ಮೇಲೆ ಪ್ಲಾಸ್ಟಿಕ್ ಪದರದ ಹಾಗೆ ಕೂರುವ ಪಿಯು (ಪಾಲಿಯುರೆಥೇನ್) ಪಾಲಿಶ್ ಬೇಡ ಅಂದು ಅಗಸೆ ಎಣ್ಣೆ, ಮೇಲೆ ಜೇನುಮೇಣ ಹಾಕಿಸಿದೆವು. ಇದಕ್ಕೆ ಕೆಲಸ ಇದೆ. ಅರಿಸಿನ ಚೆಲ್ಲಿದರೆ ಆಗಲೇ ಒರೆಸಬೇಕು, ಬಿಸಿ ಕುಕ್ಕರ್ ಇಟ್ಟರೆ ಬಿಳಿ ಉಂಗುರ ಗ್ಯಾರಂಟಿ. ಆದರೆ ಆ ಜಾಗಕ್ಕಷ್ಟೇ ಮರಳು ಕಾಗದ ಉಜ್ಜಿ ಎಣ್ಣೆ ಹಚ್ಚಿದರೆ ಸಾಕು. ಪಿಯು ಆಗಿದ್ದರೆ ಇಡೀ ಮೇಜು ಉಜ್ಜಿಸಬೇಕಾಗುತ್ತಿತ್ತು. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸೇರಿ ತಾನಾಗಿಯೇ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಗಿಸಿ.

ಇನ್ನು ಬೆಂಚು. ಎರಡನೇ ವರ್ಷ ಅದರ ಕಾಲಡಿ ಮೈದಾ ಥರ ನುಣ್ಣನೆ ಪುಡಿ ಬೀಳತೊಡಗಿತು. ಕುಟ್ಟೆ ಹುಳ! ಕೆರೆದು ನೋಡಿದರೆ ಬಣ್ಣದ ಕೆಳಗೆ ಮಾವಿನ ಮರ, ಅದೂ ತೊಗಟೆ ಕಡೆಯ ಬಿಳಿ ಭಾಗ. ಕುಟ್ಟೆಗೆ ಬೇಕಾದ ಪಿಷ್ಟ ಇರುವುದೇ ಅಲ್ಲಿ. ಸಾಗುವಾನಿ ಅಂತ ದುಡ್ಡು ತಗೊಂಡು ಹೀಗೆ ಮಾಡಿದ್ದರು. ಫೋನು ಮಾಡಿದರೆ "ಕಾಲು ತಾನೇ, ಕಾಣಲ್ಲ" ಅನ್ನುವ ಉತ್ತರ. ತಿಂಗಳುಗಟ್ಟಲೆ ಜಗಳ ಆಡಿದ ಮೇಲೆ ಕಾಲು ಬದಲಾಯಿಸಿಕೊಟ್ಟರು, ಸಾಗಣೆ ಖರ್ಚು ನಮ್ಮ ಮೇಲೇ ಬಿತ್ತು. ಜೋಡಣೆ ಕಳಚಿ ಮತ್ತೆ ಕೂರಿಸುವಂತಿದ್ದದ್ದರಿಂದ ಇಡೀ ಬೆಂಚು ಎಸೆಯುವುದು ತಪ್ಪಿತು ಅನ್ನಿ.

ನೀವು ಮಾಡಿಸುವುದಾದರೆ ಬಣ್ಣ, ಎಣ್ಣೆ ಹಚ್ಚುವ ಮೊದಲೇ ಹೋಗಿ ನೋಡಿ, ದೂರವಾದರೆ ವಿಡಿಯೋ ಕಾಲ್‌ನಲ್ಲಾದರೂ. ಯಾವ ಭಾಗಕ್ಕೆ ಯಾವ ಮರ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. 'ಪರಿಸರಸ್ನೇಹಿ' ಅಂತ ಬೋರ್ಡು ಹಾಕಿ, ಕಪಾಟಿನ ಹಿಂಬದಿಗೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಅಗ್ಗದ ಎಂಡಿಎಫ್ ಹಲಗೆ ಹೊಡೆಯುವವರೂ ಇದ್ದಾರೆ.

ಮೇಜಿಗೆ ಐದಕ್ಕೆ ನಾಲ್ಕೂವರೆ, ಬೆಂಚಿಗೆ ಎರಡು. ಈಗ ಪುಸ್ತಕದ ಕಪಾಟು ಮಾಡಿಸಬೇಕು. ಅದೇ ಆಚಾರ್ರಿಗೇ ಹೇಳುತ್ತೇನೆ, ಆದರೆ ಮರ ನೋಡಿದ ಮೇಲೇ ಮುಂಗಡ.